ಸಿಇಟಿ, ನೀಟ್, ಜೆಇಇ: ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಲು ಯಾವ ದಾರಿ ನಿಮ್ಮದು?

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಯ ಎರಡನೇ ಭಾಗದ ಪುಸ್ತಕವನ್ನು ಒಮ್ಮೆ ಕೈಗೆ ತಗೊಳ್ಳಿ. ಅದರ ಐದು ಅಧ್ಯಾಯಗಳೂ ಆರ್ಗ್ಯಾನಿಕ್ಕೇ. ಫಸ್ಟ್ ಪಿಯುಸಿ ಪುಸ್ತಕದ ಕೊನೆಯ ಎರಡು ಅಧ್ಯಾಯಗಳೂ ಅದೇ. ಒಟ್ಟು ಏಳು ಅಧ್ಯಾಯ. ಓದಬೇಕಾದದ್ದು ಇಷ್ಟೇ. ಆದರೂ ಕೆಮಿಸ್ಟ್ರಿಯಲ್ಲಿ ಮಕ್ಕಳು ಜಾಸ್ತಿ ಹೆದರುವುದು ಈ ಏಳಕ್ಕೇ.

ನಾನು ಸಂಜೆ ಹೊತ್ತು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕಾಲೇಜು ಶುರುವಾಗುವ ಹೊತ್ತಿಗೆ ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬರುತ್ತಾರೆ. ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಸಾಕಾ, ಕೋಚಿಂಗ್‌ನವರ ಅಭ್ಯಾಸಪುಸ್ತಕ, ಅಂದರೆ ಮಾಡ್ಯೂಲ್ ಬೇಕಾ? ಕೋಚಿಂಗ್‌ಗೆ ಸೇರಿಸಬೇಕಾ, ಯೂಟ್ಯೂಬ್ ನೋಡಿದರೆ ಆಗುತ್ತಾ? ಬಾಯಿಪಾಠ ಮಾಡಲಾ, ರಿಯಾಕ್ಷನ್ ಹೆಜ್ಜೆ ಹೆಜ್ಜೆಯಾಗಿ ಹೇಗೆ ನಡೆಯುತ್ತದೆ ಎಂಬ ಮೆಕ್ಯಾನಿಸಂ ಕಲಿಯಲಾ? ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಪರೀಕ್ಷೆಗೆ ಓದುತ್ತಿದ್ದೀರಿ? ಫಸ್ಟ್ ಪಿಯುಸಿಯ ಆರ್ಗ್ಯಾನಿಕ್ ಎಷ್ಟು ಗಟ್ಟಿಯಾಗಿದೆ? ಇವೆರಡು ಗೊತ್ತಾದರೆ ಉಳಿದದ್ದನ್ನು ಆರಿಸುವುದು ಸುಲಭ.

ಯಾವ ಪರೀಕ್ಷೆ ಏನು ಕೇಳುತ್ತದೆ

ಸಿಇಟಿಯಲ್ಲಿ ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಲ್ಲಿ ಹೆಚ್ಚಾಗಿ ಕೇಳುವುದು ನೇರ ಪ್ರಶ್ನೆ: ಈ ರಿಯಾಕ್ಷನ್ನಿನ ಹೆಸರೇನು, ಈ ರೀಏಜೆಂಟ್ ಹಾಕಿದರೆ ಏನು ಬರುತ್ತದೆ, ಯಾವುದು ಹೆಚ್ಚು ಆಮ್ಲೀಯ. ಇನ್ನೊಂದು ವಿಷಯ ಮರೆಯಬಾರದು. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ಲೆಕ್ಕ ಹಾಕುವಾಗ ಸೆಕೆಂಡ್ ಪಿಯುಸಿ ಅಂಕಕ್ಕೂ ಅರ್ಧ ತೂಕವಿದೆ. ಬೋರ್ಡ್ ಪರೀಕ್ಷೆಯಲ್ಲಿ ಸಮೀಕರಣವನ್ನು ಕೈಯಾರೆ ಬರೆಯಬೇಕು, ಅಲ್ಲಿ ಆಪ್ಷನ್ ನೋಡಿ ನೆನಪಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಸಿಇಟಿಗೆ ಓದುವ ಮಕ್ಕಳು ಬರೆದು ಕಲಿಯುವುದನ್ನು ಬಿಡಲೇಬಾರದು.

ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಕೆಮಿಸ್ಟ್ರಿಯ ಪಾಲು 45 ಪ್ರಶ್ನೆ. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ನೀಟ್‌ಗೆ ಎನ್‌ಸಿಇಆರ್‌ಟಿಯ ಸಾಲು ಸಾಲೂ ಮುಖ್ಯ. ಚಿತ್ರದ ಕೆಳಗಿನ ಸಣ್ಣ ಅಕ್ಷರ, ಟೇಬಲ್‌ನಲ್ಲಿರುವ ಪಿಕೆಎ (ಆಮ್ಲದ ಶಕ್ತಿ ತೋರಿಸುವ ಸಂಖ್ಯೆ) ಬೆಲೆ, ಇಂಟೆಕ್ಸ್ಟ್ ಪ್ರಶ್ನೆ, ಯಾವುದನ್ನೂ ಹಾರಿಸುವಂತಿಲ್ಲ. ಪ್ರಾಯೋಗಿಕ ಕೆಮಿಸ್ಟ್ರಿಯೂ ಸಿಲಬಸ್‌ನಲ್ಲಿದೆ. ಹಾಗಾಗಿ ಲ್ಯಾಬಿನಲ್ಲಿ ಆಲ್ಡಿಹೈಡ್ ಗುರುತಿಸುವ ಟಾಲೆನ್ಸ್, ಫೆಹ್ಲಿಂಗ್ ಪರೀಕ್ಷೆ ಮಾಡುವ ದಿನ ಹಿಂದೆ ನಿಲ್ಲಬೇಡಿ. ಬೆಂಜಾಲ್ಡಿಹೈಡ್ ಟಾಲೆನ್ಸ್ ಕೊಡುತ್ತದೆ, ಫೆಹ್ಲಿಂಗ್ ಕೊಡುವುದಿಲ್ಲ. ಕಣ್ಣಾರೆ ನೋಡಿದ್ದು ಮರೆತುಹೋಗುವುದಿಲ್ಲ.

ಜೆಇಇ ಮೇನ್‌ನಲ್ಲಿ ಕೆಮಿಸ್ಟ್ರಿಗೆ 25 ಪ್ರಶ್ನೆ. ಅದರಲ್ಲಿ ಐದಕ್ಕೆ ಆಪ್ಷನ್ ಇರುವುದಿಲ್ಲ, ಸಂಖ್ಯೆಯನ್ನೇ ಉತ್ತರವಾಗಿ ಕೊಡಬೇಕು. ಎಷ್ಟು ಐಸೋಮರ್ ಸಾಧ್ಯ, ಕೆಲ್ಡಾಲ್ ವಿಧಾನದಲ್ಲಿ ಸಾರಜನಕ ಶೇಕಡಾ ಎಷ್ಟು, ಇಂಥವು. ಎರಡು ಮೂರು ಹೆಜ್ಜೆಯ ಕನ್ವರ್ಷನ್ ಕೇಳುತ್ತಾರೆ. ಜೆಇಇ ಅಡ್ವಾನ್ಸ್ಡ್ ಬೇರೆಯೇ ಆಟ. ಅಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು. ಪುಸ್ತಕದಲ್ಲಿ ನೋಡಿಯೇ ಇಲ್ಲದ ಅಣುವನ್ನು ಮುಂದಿಡುತ್ತಾರೆ. ಮೆಕ್ಯಾನಿಸಂ ಗೊತ್ತಿಲ್ಲದೆ ಅಲ್ಲಿ ಒಂದು ಹೆಜ್ಜೆ ಇಡುವುದೂ ಕಷ್ಟ.

ಭಾಷೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇವೆ. ಅಡ್ವಾನ್ಸ್ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನೀಟ್‌ನ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಕನ್ನಡದಲ್ಲಿ ಬರೆಯುವವರೂ ರೀಏಜೆಂಟ್ ಮತ್ತು ಗುಂಪುಗಳ ಇಂಗ್ಲಿಷ್ ಹೆಸರು ಕಲಿತಿರಲೇಬೇಕು.

ಬಾಯಿಪಾಠವೋ, ಮೆಕ್ಯಾನಿಸಮ್ಮೋ

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಪುಸ್ತಕ, ಕೋಚಿಂಗ್ ಎಲ್ಲ ಆಮೇಲೆ.

ನೈಟ್ರೋ ಗುಂಪನ್ನು ತಗೊಳ್ಳಿ. ಅದು ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬೆಂಜೀನ್ ಉಂಗುರದಲ್ಲಿ ಇನ್ನೊಂದು ಗುಂಪಿನ ಪಕ್ಕದ (ಆರ್ಥೋ) ಅಥವಾ ನೇರ ಎದುರಿನ (ಪ್ಯಾರಾ) ಜಾಗದಲ್ಲಿ ಕೂತರೆ ರೆಸೊನೆನ್ಸ್, ಅಂದರೆ ಎಲೆಕ್ಟ್ರಾನ್‌ಗಳು ಹರಡಿಕೊಳ್ಳುವ ದಾರಿಯ ಮೂಲಕವೂ ಎಳೆಯುತ್ತದೆ. ಒಂದು ಬಿಟ್ಟು ಮುಂದಿನ ಜಾಗವಾದ ಮೆಟಾದಲ್ಲಿ ಕೂತರೆ ಆ ದಾರಿ ಮುಚ್ಚಿರುತ್ತದೆ. ಇದಿಷ್ಟು ತಲೆಯಲ್ಲಿಟ್ಟುಕೊಂಡು ಪುಸ್ತಕ ತಿರುವಿ.

ಹ್ಯಾಲೋಅರೀನ್ಸ್ ಅಧ್ಯಾಯ. ಕ್ಲೋರೋಬೆಂಜೀನನ್ನು ಕಾಸ್ಟಿಕ್ ಸೋಡಾ ಜೊತೆ ಹಾಕಿ ಫೀನಾಲ್ ಮಾಡಲು 623 ಕೆಲ್ವಿನ್ ಉಷ್ಣತೆ, 300 ಅಟ್ಮಾಸ್ಫಿಯರ್ ಒತ್ತಡ ಬೇಕು. ಅದೇ ಕ್ಲೋರೋಬೆಂಜೀನಿನ ಎರಡು ಆರ್ಥೋ, ಒಂದು ಪ್ಯಾರಾ ಜಾಗದಲ್ಲಿ ನೈಟ್ರೋ ಕೂರಿಸಿದರೆ ಬೆಚ್ಚಗಿನ ನೀರು ಸಾಕು, ಕ್ಲೋರಿನ್ ಬಿಟ್ಟುಹೋಗುತ್ತದೆ. ಮುಂದಿನ ಅಧ್ಯಾಯಕ್ಕೆ ಬನ್ನಿ. ಫೀನಾಲಿನ ಪಿಕೆಎ 10. ಪ್ಯಾರಾ ನೈಟ್ರೋಫೀನಾಲಿನದು 7.1, ಮೆಟಾದ್ದು 8.3. ಪಿಕೆಎ ಇಳಿದಷ್ಟೂ ಆಮ್ಲ ಗಟ್ಟಿ. ಈಗ ಅಮೀನ್ಸ್ ಅಧ್ಯಾಯ. ಪ್ಯಾರಾ ನೈಟ್ರೋಅನಿಲಿನ್ ಅನಿಲಿನ್‌ಗಿಂತ ದುರ್ಬಲ ಬೇಸ್, ಏಕೆಂದರೆ ಸಾರಜನಕದ ಬಳಿ ಇದ್ದ ಎಲೆಕ್ಟ್ರಾನ್ ಜೋಡಿಯನ್ನು ನೈಟ್ರೋ ಎಳೆದುಕೊಂಡಿದೆ.

ಬಾಯಿಪಾಠ ಮಾಡುವ ಹುಡುಗನಿಗೆ ಇವು ಮೂರು ಅಧ್ಯಾಯದ ಮೂರು ಬೇರೆ ಸಂಗತಿಗಳು. ಮೂರನ್ನೂ ಬೇರೆ ಬೇರೆಯಾಗಿ ಹೊರಬೇಕು. ಕಾರಣ ಹಿಡಿದವನಿಗೆ ಇವು ಒಂದೇ ಸಂಗತಿ. ನಾಲ್ಕನೇ ಅಣುವನ್ನು ಪರೀಕ್ಷೆಯಲ್ಲೇ ಮೊದಲ ಸಲ ನೋಡಿದರೂ ಅವನು ಗಾಬರಿಯಾಗುವುದಿಲ್ಲ. ಮೆಕ್ಯಾನಿಸಂ ಕಲಿಯಲು ಮೊದಲ ಎರಡು ತಿಂಗಳು ಜಾಸ್ತಿ ಹೊತ್ತು ಹಿಡಿಯುತ್ತದೆ ನಿಜ. ಆದರೆ ಡಿಸೆಂಬರ್, ಜನವರಿಯಲ್ಲಿ ಆ ಹೊತ್ತೆಲ್ಲ ವಾಪಸ್ ಸಿಗುತ್ತದೆ.

ಹಾಗಂತ ಬಾಯಿಪಾಠವೇ ಬೇಡ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಕೆಲವನ್ನು ಕಂಠಪಾಠ ಮಾಡಲೇಬೇಕು. ಬೆಂಜಾಲ್ಡಿಹೈಡ್ ಮಾಡುವ ವಿಧಾನಗಳನ್ನೇ ನೋಡಿ. ಬೆಂಜೀನಿನಿಂದ ಹೊರಟರೆ ಗ್ಯಾಟರ್‌ಮನ್–ಕಾಕ್: ಕಾರ್ಬನ್ ಮಾನಾಕ್ಸೈಡ್, ಎಚ್‌ಸಿಎಲ್, ನೀರಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್. ಟಾಲ್ಯೀನ್‌ನಿಂದ ಹೊರಟರೆ ಇಟಾರ್ಡ್: ಕ್ರೋಮೈಲ್ ಕ್ಲೋರೈಡ್. ಬೆಂಜಾಯಿಲ್ ಕ್ಲೋರೈಡಿನಿಂದ ರೋಸೆನ್‌ಮುಂಡ್: ಬೇರಿಯಂ ಸಲ್ಫೇಟ್ ಮೇಲೆ ಕೂರಿಸಿದ ಪಲ್ಲಾಡಿಯಂ ಜೊತೆ ಹೈಡ್ರೋಜನ್. ಬೆಂಜೋನೈಟ್ರೈಲಿನಿಂದ ಸ್ಟೀಫನ್: ಸ್ಟ್ಯಾನಸ್ ಕ್ಲೋರೈಡ್ ಮತ್ತು ಎಚ್‌ಸಿಎಲ್. ಊರು ಒಂದೇ, ದಾರಿ ನಾಲ್ಕು. ಯಾವ ದಾರಿಗೆ ಯಾರ ಹೆಸರು ಎಂಬುದನ್ನು ತರ್ಕದಿಂದ ಕಂಡುಹಿಡಿಯಲು ಆಗುವುದಿಲ್ಲ. ಆದರೆ ಹೀಗೆ ಒಂದೇ ಊರಿನ ಸುತ್ತ ಜೋಡಿಸಿಕೊಂಡು ಕಲಿತರೆ ಹೊರೆ ಕಡಿಮೆಯಾಗುತ್ತದೆ. ಹೆಸರಿನ ಅಕ್ಷರಮಾಲೆ ಪ್ರಕಾರ ಜೋಡಿಸಿದ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಅದು ಹುಡುಕಲು ಸರಿ, ಕಲಿಯಲು ಅಲ್ಲ.

ನಡುವಿನವೂ ಕೆಲವು ಇವೆ. ಕಾರಣ ಗೊತ್ತಿದ್ದರೂ ಕೊನೆಯ ಉತ್ತರವನ್ನು ನೆನಪಿಟ್ಟುಕೊಳ್ಳಬೇಕಾದವು. ನೀರಿನಲ್ಲಿ ಅಮೀನ್‌ಗಳ ಬೇಸ್ ಗುಣ ಇಂಥದ್ದು. ಮೀಥೈಲ್ ಆದರೆ ಸೆಕೆಂಡರಿ, ಪ್ರೈಮರಿ, ಟರ್ಷಿಯರಿ ಎಂಬ ಇಳಿಕೆ. ಈಥೈಲ್ ಆದರೆ ಸೆಕೆಂಡರಿ, ಟರ್ಷಿಯರಿ, ಪ್ರೈಮರಿ. ಎಲೆಕ್ಟ್ರಾನ್ ತಳ್ಳುವ ಗುಣ, ನೀರಿನ ಅಣುಗಳು ಸುತ್ತುವರಿಯುವುದು, ಗುಂಪುಗಳ ಗಾತ್ರದ ಅಡ್ಡಿ, ಈ ಮೂರೂ ಒಟ್ಟಿಗೆ ಜಗ್ಗಾಡುತ್ತವೆ. ಯಾವುದು ಗೆಲ್ಲುತ್ತದೆ ಎಂದು ಪರೀಕ್ಷೆಯ ಒಂದು ನಿಮಿಷದಲ್ಲಿ ಲೆಕ್ಕ ಹಾಕುತ್ತಾ ಕೂರಲು ಆಗುತ್ತದೆಯೇ? ಮೀಥೈಲ್ 213, ಈಥೈಲ್ 231. ಇಷ್ಟು ನೆನಪಿಡಿ, ಕಾರಣವನ್ನು ಒಂದು ಸಲ ಓದಿ ಒಪ್ಪಿಕೊಳ್ಳಿ.

ಆಲ್ಡಾಲ್ ಮತ್ತು ಕ್ಯಾನಿಝಾರೋ ರಿಯಾಕ್ಷನ್‌ಗಳ ನಡುವೆ ಗೊಂದಲ ಮಾಡಿಕೊಳ್ಳುವವರು ತುಂಬ ಜನ. ಅಲ್ಲಿ ನೋಡಬೇಕಾದದ್ದು ಒಂದೇ: ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ ಮೇಲೆ ಹೈಡ್ರೋಜನ್, ಅಂದರೆ ಆಲ್ಫಾ ಹೈಡ್ರೋಜನ್ ಇದೆಯಾ? ಅಸಿಟಾಲ್ಡಿಹೈಡ್‌ಗೆ ಇದೆ, ಆಲ್ಡಾಲ್. ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡ್‌ಗೆ ಇಲ್ಲ, ಕ್ಯಾನಿಝಾರೋ.

ನನ್ನ ಸಲಹೆ ಹೀಗಿದೆ. ಅಡ್ವಾನ್ಸ್ಡ್ ಬರೆಯುವವರು ಎಲ್ಲವನ್ನೂ ಮೆಕ್ಯಾನಿಸಮ್ಮಿನಿಂದಲೇ ಶುರು ಮಾಡಿ. ನೀಟ್ ಮತ್ತು ಮೇನ್‌ನವರು ಪುಸ್ತಕದಲ್ಲಿ ಕೊಟ್ಟಿರುವ ಅಷ್ಟೂ ಮೆಕ್ಯಾನಿಸಂ ಕಲಿಯಿರಿ, ಅದಕ್ಕಿಂತ ಆಳಕ್ಕೆ ಹೋಗುವುದು ಬೇಡ. ಬರೀ ಸಿಇಟಿ ಬರೆಯುವವರೂ ಒಂದು ಗುಂಪು ಹೋಗಿ ಇನ್ನೊಂದು ಬಂದು ಕೂರುವ ಎಸ್‌ಎನ್1, ಎಸ್‌ಎನ್2, ಉಂಗುರದ ಮೇಲಿನ ಬದಲಿ ಕ್ರಿಯೆ, ಕಾರ್ಬನೈಲ್‌ಗೆ ಸೇರುವ ಕ್ರಿಯೆ, ಈ ನಾಲ್ಕನ್ನಾದರೂ ಅರ್ಥ ಮಾಡಿಕೊಂಡೇ ಮುಂದೆ ಹೋಗಿ. ಉಳಿದದ್ದನ್ನು ಕಂಠಪಾಠ ಮಾಡಿದರೂ ನಡೆಯುತ್ತದೆ.

ಫಸ್ಟ್ ಪಿಯುಸಿ ಬಿಟ್ಟುಹೋಗಿದ್ದರೆ

ಜಿಒಸಿ (ಜನರಲ್ ಆರ್ಗ್ಯಾನಿಕ್ ಕೆಮಿಸ್ಟ್ರಿ) ಎಂದು ಮಕ್ಕಳು ಕರೆಯುವ ಫಸ್ಟ್ ಪಿಯುಸಿಯ ಅಧ್ಯಾಯ ವರ್ಷದ ಕೊನೆಗೆ ಬರುತ್ತದೆ. ಆ ಹೊತ್ತಿಗೆ ಪರೀಕ್ಷೆ ಹತ್ತಿರ, ಪಾಠ ಅವಸರದಲ್ಲಿ ಮುಗಿಯುತ್ತದೆ. ಇಂಡಕ್ಟಿವ್ ಎಫೆಕ್ಟ್, ರೆಸೊನೆನ್ಸ್, ಹೈಪರ್‌ಕಾಂಜುಗೇಶನ್, ಕಾರ್ಬೊಕ್ಯಾಟಯಾನ್ ಸ್ಥಿರತೆ ಎಲ್ಲ ಅಲ್ಲೇ ಇರುವುದು. ಸೆಕೆಂಡ್ ಪಿಯುಸಿಯ ಐದು ಅಧ್ಯಾಯಗಳಿಗೂ ಅದೇ ಪಾಯ. ಆದ್ದರಿಂದ ಅದು ಕಾಲುಭಾಗವೂ ಬರದವರಿಗೆ ನಾನು ಯಾವ ಮಾಡ್ಯೂಲನ್ನೂ ಸೂಚಿಸುವುದಿಲ್ಲ. ಮೊದಲು ಹದಿನೈದು ದಿನ ಆ ಒಂದು ಅಧ್ಯಾಯಕ್ಕೆ ಕೊಡಿ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಒಂದು ಮಾತು. ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ನೋಡಿ ನೀವು ಕಂಗಾಲಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆದರೆ ಆರ್ಗ್ಯಾನಿಕ್‌ನಲ್ಲಿ ಇಂಗ್ಲಿಷ್ ವಾಕ್ಯಕ್ಕಿಂತ ಚಿತ್ರ ಜಾಸ್ತಿ. ಬಾಗಿದ ಬಾಣವೇ ಇಲ್ಲಿಯ ಭಾಷೆ. ಬಾಣ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಟು ಎಲೆಕ್ಟ್ರಾನ್ ಬೇಕಾದ ಕಡೆಗೆ ಹೋಗುತ್ತದೆ. ಪ್ಲಸ್ ಗುರುತಿನಿಂದ ಬಾಣ ಹೊರಡಿಸುವುದು ಎಲ್ಲರೂ ಮಾಡುವ ತಪ್ಪು, ಅದೊಂದನ್ನು ತಿದ್ದಿಕೊಳ್ಳಿ. ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಪ್ರತಿ ಬಾಣದ ಪಕ್ಕ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು: 'ಜೋಡಿ ಇಲ್ಲಿಂದ ಅಲ್ಲಿಗೆ ಹೋಯ್ತು, ಬ್ರೋಮಿನ್ ಬಿಟ್ಟು ಹೊರಟಿತು.' ಮೂರು ತಿಂಗಳಲ್ಲಿ ಅವಳಿಗೆ ಇಂಗ್ಲಿಷ್ ವಿವರಣೆ ತಾನಾಗಿ ಅರ್ಥವಾಗತೊಡಗಿತು. ಹತ್ತನೇ ತರಗತಿಯಲ್ಲಿ ಕಾರ್ಬನ್ ಮತ್ತು ಅದರ ಸಂಯುಕ್ತಗಳು ಎಂಬ ಪಾಠ ಓದಿದ್ದೀರಲ್ವಾ? ಮೀಥೇನ್, ಎಥನಾಲ್, ಸೋಪು ಎಲ್ಲ ಅದರಲ್ಲಿತ್ತು. ಒಂದು ಸಂಜೆ ಅದನ್ನು ಮತ್ತೆ ಓದಿ, ಆಮೇಲೆ ಜಿಒಸಿ ಹಿಡಿಯಿರಿ.

ಸ್ಟೀರಿಯೋಕೆಮಿಸ್ಟ್ರಿ, ಅಂದರೆ ಅಣುವಿನ ಮೂರು ಆಯಾಮದ ಜೋಡಣೆ, ಕಣ್ಣಿಗೆ ಕಾಣುವುದಿಲ್ಲ ಎನ್ನುವವರಿಗೆ ಮಾಡೆಲ್ ಕಿಟ್ ಕೊಳ್ಳುವ ಅಗತ್ಯವಿಲ್ಲ. ಕಡಲೆ, ಬಟಾಣಿ, ಶೇಂಗಾ, ಅವರೆಕಾಳು ರಾತ್ರಿ ನೆನೆಹಾಕಿ. ಒಂದು ಸಣ್ಣ ಆಲೂಗಡ್ಡೆ ತುಂಡಿಗೆ ನಾಲ್ಕು ಪೊರಕೆ ಕಡ್ಡಿ ಚುಚ್ಚಿ, ಒಂದೊಂದು ತುದಿಗೆ ಒಂದೊಂದು ಕಾಳು. ಅದರ ಕನ್ನಡಿ ಬಿಂಬವನ್ನೂ ಮಾಡಿ. ಎಷ್ಟು ತಿರುಗಿಸಿದರೂ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಕೈರಾಲಿಟಿ ಎಂದರೆ ಅದೇ.

ಪುಸ್ತಕ: ಎನ್‌ಸಿಇಆರ್‌ಟಿ, ಮಾಡ್ಯೂಲ್, ದಪ್ಪ ಪುಸ್ತಕ

ನಮ್ಮ ಪಿಯುನಲ್ಲಿ ಓದಿಸುವುದೇ ಎನ್‌ಸಿಇಆರ್‌ಟಿ. ಸಿಇಟಿ ಮತ್ತು ನೀಟ್‌ಗೆ ಅದು ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ 'ಓದಿದ್ದೇನೆ' ಎಂಬುದಕ್ಕೆ ನನ್ನ ಅರ್ಥ ಬೇರೆ. ಪ್ರತಿ ಉದಾಹರಣೆಯನ್ನು ಉತ್ತರ ಮುಚ್ಚಿಟ್ಟು ಬಿಡಿಸಿರಬೇಕು, ಅಧ್ಯಾಯದ ಕೊನೆಯ ಪ್ರಶ್ನೆಗಳಲ್ಲಿ ಒಂದೂ ಉಳಿದಿರಬಾರದು.

ಎನ್‌ಸಿಇಆರ್‌ಟಿಯ ಕೊರತೆ ಒಂದಿದೆ. ಅಭ್ಯಾಸದ ಪ್ರಶ್ನೆ ಕಡಿಮೆ. ಮಾಡ್ಯೂಲ್ ಆ ಜಾಗ ತುಂಬುತ್ತದೆ. ಜೆಇಇ ಮೇನ್‌ನವರಿಗೆ ಒಂದು ಮಾಡ್ಯೂಲ್ ಬೇಕು. ಒಂದೇ. ಮೂರು ಕಡೆಯ ಮಾಡ್ಯೂಲ್ ಜೆರಾಕ್ಸ್ ಮಾಡಿಸಿ ಯಾವುದನ್ನೂ ಮುಗಿಸದ ಮಕ್ಕಳನ್ನು ತುಂಬ ನೋಡಿದ್ದೇನೆ, ನೋಡಿ ಬೇಸರವಾಗುತ್ತದೆ. ಡಿಗ್ರಿ ಮಟ್ಟದ ದಪ್ಪ ಪುಸ್ತಕಗಳು ಚೆನ್ನಾಗಿರುತ್ತವೆ, ಆದರೆ ಅವನ್ನು ಬರೆದಿರುವುದು ಬೇರೆ ಓದುಗರಿಗೆ. ಅಡ್ವಾನ್ಸ್ಡ್‌ಗೆ ಓದುವವರು ಅನುಮಾನ ಬಂದ ವಿಷಯಕ್ಕೆ ಮಾತ್ರ ಅದನ್ನು ತೆರೆಯಿರಿ.

ಅಣ್ಣ ಅಥವಾ ಅಕ್ಕನ ಹಳೆಯ ಪುಸ್ತಕದಲ್ಲಿ ಓದುವವರು ಒಂದು ಎಚ್ಚರ ವಹಿಸಿ. ಪಾಲಿಮರ್ಸ್, ನಿತ್ಯಜೀವನದಲ್ಲಿ ರಸಾಯನಶಾಸ್ತ್ರ ಎಂಬ ಅಧ್ಯಾಯಗಳು ಹೊಸ ಎನ್‌ಸಿಇಆರ್‌ಟಿಯಲ್ಲಿ ಇಲ್ಲ. 2024ರಲ್ಲಿ ನೀಟ್ ಮತ್ತು ಜೆಇಇ ಮೇನ್ ಸಿಲಬಸ್‌ನಿಂದಲೂ ಅವನ್ನು ತೆಗೆದರು. ನಿಮ್ಮ ವರ್ಷದ ಸಿಲಬಸ್ಸನ್ನು ಪ್ರಿಂಟ್ ತೆಗೆಸಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ.

ಕ್ಲಾಸ್, ಕೋಚಿಂಗ್, ಯೂಟ್ಯೂಬ್

ಕೋಚಿಂಗ್‌ನ ದೊಡ್ಡ ಲಾಭ ಪಾಠ ಅಲ್ಲ, ವಾರಕ್ಕೊಂದು ಟೆಸ್ಟು ಮತ್ತು ಡೌಟ್ ಕೇಳಲು ಎದುರಿಗೆ ಒಬ್ಬರು ಇರುವುದು. ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ಆರ್ಗ್ಯಾನಿಕ್‌ನಲ್ಲಿ ಡೌಟ್ ಬಂದರೆ ಯಾರು, ಯಾವ ಹೊತ್ತಿಗೆ ಸಿಗುತ್ತಾರೆ? ಉತ್ತರ ಸ್ಪಷ್ಟವಿಲ್ಲದಿದ್ದರೆ ಆ ದುಡ್ಡು ಉಳಿಸಿ. ಕಾಲೇಜಿನ ಲೆಕ್ಚರರ್ ಚೆನ್ನಾಗಿ ಪಾಠ ಮಾಡುವವರಾದರೆ, ಡೌಟ್ ಕೇಳಿದರೆ ಹೇಳುವವರಾದರೆ, ಬೇರೆ ಕಡೆ ಸೇರುವ ಅವಶ್ಯಕತೆ ಬಹಳ ಮಕ್ಕಳಿಗೆ ಇಲ್ಲ.

ವೀಡಿಯೋ ಪಾಠಗಳಿಂದ ದೂರದ ಊರಿನ ಮಕ್ಕಳಿಗೆ ನಿಜಕ್ಕೂ ಅನುಕೂಲವಾಗಿದೆ. ಐಐಟಿ ಕಾನ್ಪುರ ನಡೆಸುವ ಸಾಥಿ ಪೋರ್ಟಲ್‌ನಲ್ಲಿ ಜೆಇಇ, ನೀಟ್‌ಗೆ ಪಾಠಗಳು ಉಚಿತವಾಗಿ ಸಿಗುತ್ತವೆ. ಆದರೆ ಆರ್ಗ್ಯಾನಿಕ್ ವೀಡಿಯೋದಲ್ಲಿ ಒಂದು ಅಪಾಯವಿದೆ. ಮೇಷ್ಟ್ರು ಬಾಣ ಎಳೆಯುವುದನ್ನು ನೋಡಿದರೆ ನಮಗೂ ಬಂತು ಅನಿಸುತ್ತದೆ. ಸುಮ್ನೆ ನೋಡಬೇಡಿ. ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ, ನೀವು ಬರೆಯಿರಿ, ಆಮೇಲೆ ಮುಂದೆ ಓಡಿಸಿ. ನಲವತ್ತು ನಿಮಿಷದ ಪಾಠಕ್ಕೆ ಒಂದೂವರೆ ಗಂಟೆ ಹಿಡಿಯಲಿ, ಪರವಾಗಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗೆ ದುಡ್ಡು ಕೊಡಬೇಡಿ. ಸಿಇಟಿಯದು ಅದನ್ನು ನಡೆಸುವ ಕೆಇಎ ವೆಬ್‌ಸೈಟಿನಲ್ಲಿ, ನೀಟ್ ಮತ್ತು ಮೇನ್‌ನದು ಅವನ್ನು ನಡೆಸುವ ಎನ್‌ಟಿಎ ವೆಬ್‌ಸೈಟಿನಲ್ಲಿ ಸಿಗುತ್ತವೆ.

ನೋಟ್ಸ್ ಯಾರದು?

ಪ್ರಿಂಟ್ ಆದ ನೋಟ್ಸ್ ಅಂದವಾಗಿರುತ್ತವೆ, ತಪ್ಪು ಕಡಿಮೆ, ಹೊತ್ತೂ ಉಳಿಯುತ್ತದೆ. ಆದರೂ ಈ ಒಂದು ವಿಷಯಕ್ಕೆ ನಾನು ಕೈಬರಹದ ನೋಟ್ಸಿನ ಪರ. ಪರೀಕ್ಷೆಯಲ್ಲಿ ರಚನೆಯನ್ನು ಮನಸ್ಸಿನಲ್ಲೇ ಬರೆದು ನೋಡಬೇಕು. ಕೈ ನೂರು ಸಲ ಬರೆದಿದ್ದರೆ ಮಾತ್ರ ಅದು ಬೇಗ ಬರುತ್ತದೆ. ಸೆಕೆಂಡ್ ಪಿಯುಸಿ ಶುರುವಲ್ಲಿ ಇದ್ದೀರಾದರೆ ಸ್ವಂತ ನೋಟ್ಸ್ ಮಾಡಿ. ಪಿಯುಸಿ ಮುಗಿಸಿ ಮತ್ತೊಂದು ವರ್ಷ ಓದುವ ಲಾಂಗ್ ಟರ್ಮ್‌ನವರು ಹೊಸದು ಬರೆಯುವುದು ಬೇಡ, ಹಳೆಯದರಲ್ಲೇ ತಪ್ಪಾದ ಜಾಗಗಳಿಗೆ ಕೆಂಪು ಪೆನ್ನಿನಲ್ಲಿ ಸೇರಿಸುತ್ತಾ ಹೋಗಿ.

ಪರೀಕ್ಷೆಗೆ ಎರಡೇ ತಿಂಗಳು ಉಳಿದಿದ್ದರೆ ನೋಟ್ಸಿನ ಮಾತೇ ಬೇಡ. ಆಗ ಬಿಳಿ ಹಾಳೆಯ ಅಭ್ಯಾಸ ಮಾಡಿ. ದೊಡ್ಡ ಹಾಳೆಯ ಮಧ್ಯದಲ್ಲಿ ಬೆಂಜೀನ್ ಬರೆಯಿರಿ. ಅಲ್ಲಿಂದ ನೈಟ್ರೋಬೆಂಜೀನ್, ಅಲ್ಲಿಂದ ಅನಿಲಿನ್, ಅಲ್ಲಿಂದ 273ರಿಂದ 278 ಕೆಲ್ವಿನ್‌ನಲ್ಲಿ ಡಯಜೋನಿಯಂ ಲವಣ. ಅದು ಅರಸೀಕೆರೆ ಜಂಕ್ಷನ್ ಇದ್ದ ಹಾಗೆ, ಅಲ್ಲಿಂದ ಎಲ್ಲ ಕಡೆಗೂ ದಾರಿ ಇದೆ: ಕ್ಲೋರೋಬೆಂಜೀನ್, ಅಯೊಡೋಬೆಂಜೀನ್, ಫೀನಾಲ್, ಬಣ್ಣ ಕೊಡುವ ಅಜೋ ಸಂಯುಕ್ತಗಳು. ಪ್ರತಿ ಗೆರೆಯ ಮೇಲೆ ರೀಏಜೆಂಟ್ ಬರೆಯಿರಿ, ಪುಸ್ತಕ ಮುಚ್ಚಿರಲಿ. ಪೆನ್ನು ಎಲ್ಲಿ ನಿಂತಿತೋ ಅಲ್ಲಿ ಒಂದು ಸುತ್ತು ಹಾಕಿ. ಪುಸ್ತಕ ತೆರೆದು ಆ ಸುತ್ತು ಹಾಕಿದ್ದನ್ನಷ್ಟೇ ಓದಿ, ನಾಳೆ ಬೆಳಿಗ್ಗೆ ಹೊಸ ಹಾಳೆ ತಗೊಳ್ಳಿ.